ಕ್ರೂಸ್ ಹಡಗು ಮಂಗಳೂರಿನಲ್ಲಿ ನಿಂತ ದಿನ ಟ್ಯಾಕ್ಸಿ ಮಾಡಿಕೊಂಡು ಬೇಲೂರು ನೋಡಿ ಬರಬಹುದಾ?

ಬೇಡ. ಹಾಸನದವನಾಗಿ ಹೀಗೆ ಹೇಳೋಕೆ ಬೇಜಾರು, ಆದರೂ ಬೇಡ.

ಹಡಗು ನವಮಂಗಳೂರು ಬಂದರಿನಲ್ಲಿ ಸಾಮಾನ್ಯವಾಗಿ ಬೆಳಿಗ್ಗೆಯಿಂದ ಸಂಜೆವರೆಗೆ ಮಾತ್ರ ನಿಲ್ಲುತ್ತದೆ. ಬೇಲೂರಿಗೆ ಸುಮಾರು 150 ಕಿ.ಮೀ. ಹೋಗಿಬರುವುದಕ್ಕೇ ಏಳೆಂಟು ಗಂಟೆ ಬೇಕು. ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ಗಾಡಿ ಕೆಟ್ಟು ನಿಂತರೆ ಸಾಕು, ಹಿಂದೆ ಮುಂದೆ ಎಲ್ಲ ಬಂದ್.

ಅಸಲಿ ಅಪಾಯ ಬೇರೆ ಇದೆ. ಹಡಗಿನವರೇ ನಡೆಸುವ ಟೂರ್ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ನಿಮ್ಮನ್ನು ತಲುಪಿಸುವ ಹೊಣೆ ಅವರದೇ. ಅದರ ಬೆಲೆ ಜಾಸ್ತಿ ಇರೋದಕ್ಕೆ ಇದೂ ಒಂದು ಕಾರಣ. ನೀವೇ ಮಾಡಿಕೊಂಡ ಟ್ಯಾಕ್ಸಿ ತಡವಾದರೆ ಹಡಗು ಹೊರಟೇ ಬಿಡುತ್ತದೆ. ಮುಂದಿನ ಬಂದರಿಗೆ ಅದು ಗೊತ್ತುಮಾಡಿದ ಹೊತ್ತಿಗೆ ತಲುಪಬೇಕು, ಅಲ್ವಾ? ಅಲ್ಲಿಗೆ ಹೋಗಿ ಹತ್ತುವ ಖರ್ಚೆಲ್ಲ ನಿಮ್ಮದೇ.

ಮೂಡುಬಿದಿರೆ, ಕಾರ್ಕಳ ಹತ್ತಿರ. ಅಲ್ಲಿಗೆ ಸ್ವಂತ ಟ್ಯಾಕ್ಸಿ ಧಾರಾಳವಾಗಿ ಸಾಕು. ವಾಪಸ್ ಹತ್ತಲು ಹೇಳಿದ ಸಮಯಕ್ಕೆ ಎರಡು ಗಂಟೆ ಮೊದಲೇ ಬಂದರಿಗೆ ಬನ್ನಿ. ಬೇಲೂರಿಗೆ ಇನ್ನೊಮ್ಮೆ ಬಂದು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಂದು ರಾತ್ರಿ ಉಳಿಯಿರಿ. ಬೇಲೂರು ದೇವಸ್ಥಾನದ ಶಿಲಾಸುಂದರಿಯರಾದ ಮದನಿಕೆಯರನ್ನು ಒಬ್ಬೊಬ್ಬರನ್ನಾಗಿ ನೋಡೋಕೇ ಅರ್ಧ ದಿನ ಬೇಕು.