ಮಗಳಿಗೆ ಸೀಳು ತುಟಿಯ ಕಲೆ ಇದೆ, ಶಾಲೆಯಲ್ಲಿ ಮಕ್ಕಳು ಕೇಳದ ಹಾಗೆ ಟೀಚರ್‌ಗೆ ಹೇಳಲಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳಿಗೆ ಆರು ವರ್ಷ. ಹುಟ್ಟುವಾಗಲೇ ತುಟಿ, ಅಂಗುಳ ಎರಡೂ ಸೀಳಿತ್ತು. ಆಪರೇಷನ್ ಆಗಿದೆ, ಮೂಗಿನ ಕೆಳಗೆ ಕಲೆ ಉಳಿದಿದೆ, ಮಾತು ಸ್ವಲ್ಪ ಮೂಗಿನಲ್ಲಿ ಬರುತ್ತದೆ. ಹೊಸ ಶಾಲೆ ಸೇರಿ ಎರಡು ವಾರ. "ನಿನ್ ಬಾಯಿ ಯಾಕೆ ಹಂಗಿದೆ?" ಅಂತ ಮಕ್ಕಳು ಕೇಳುತ್ತಾರೆ, ಅವಳು ಶಾಲೆಗೇ ಹೋಗಲ್ಲ ಅನ್ನುತ್ತಿದ್ದಾಳೆ. ಯಾರೂ ಆ ವಿಷಯ ಎತ್ತದ ಹಾಗೆ ಟೀಚರ್ ಹತ್ತಿರ ಹೇಳಿಸಲಾ ಅಂತ ನೀವು ಕೇಳಿದ್ದೀರಿ.

ದಯವಿಟ್ಟು ಅದೊಂದು ಮಾಡಬೇಡಿ. ನನಗೆ ಹಾಗೆ ಮಾಡಿಸಿದ್ದರು.

ನಾನೂ ಸೀಳು ತುಟಿ, ಸೀಳು ಅಂಗುಳದ ಜೊತೆಯೇ ಹುಟ್ಟಿದವನು. ಎರಡನೇ ಕ್ಲಾಸಿನಲ್ಲಿ, ಮೊದಲ ವಾರ, ಮುಂದಿನ ಬೆಂಚಿನ ಹುಡುಗಿ ತಿರುಗಿ ಇದೇ ಪ್ರಶ್ನೆ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಡಸ್ಟರ್‌ನಿಂದ ಮೇಜು ಕುಟ್ಟಿ, "ಅವನ ಮುಖದ ವಿಷಯ ಯಾರೂ ಮಾತಾಡಕೂಡದು. ಪಾಪ, ಅವನಿಗೆ ಬೇಜಾರಾಗುತ್ತೆ" ಅಂದರು. ಅವರು ಒಳ್ಳೆಯವರೇ. ಆದರೆ ಮಾರನೇ ದಿನದಿಂದ ಯಾರೂ ಏನೂ ಕೇಳಲಿಲ್ಲ, ಯಾರೂ ಮಾತೂ ಆಡಿಸಲಿಲ್ಲ. ಎಲ್ಲಿ ಬಾಯಿ ತಪ್ಪಿ ಏನಾದರೂ ಅಂದುಬಿಡುತ್ತೇವೋ ಅಂತ ಮಕ್ಕಳಿಗೆ ಭಯ. ಬೆಂಚಿನಲ್ಲಿ ನನ್ನ ಪಕ್ಕ ಒಂದು ಗೇಣು ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ಕ್ಲಾಸಿನಲ್ಲಿ ಆಡಬಾರದ ಕೆಟ್ಟ ಮಾತುಗಳು ಇರುತ್ತವಲ್ಲ, ನನ್ನ ಮುಖ ಆ ಪಟ್ಟಿಗೆ ಸೇರಿದೆ ಅಂತ ಏಳು ವರ್ಷಕ್ಕೇ ನನಗೆ ಗೊತ್ತಾಯಿತು.

ಅದನ್ನು ಮುರಿದವನು ವರ್ಷದ ನಡುವೆ ಬಂದು ಸೇರಿದ ಹುಡುಗ. ಅವನಿಗೆ ಟೀಚರ್ ಹಾಕಿದ ಕಟ್ಟಪ್ಪಣೆ ಗೊತ್ತಿರಲಿಲ್ಲ. ಖಾಲಿ ಜಾಗ ಕಂಡು ಪಕ್ಕದಲ್ಲೇ ಕೂತ. ಸ್ವಲ್ಪ ಹೊತ್ತು ನೋಡಿ, "ನೋವಾಗುತ್ತಾ?" ಅಂದ.

"ಇಲ್ಲ."

"ಮುಟ್ಲಾ?"

"ಹ್ಞೂಂ."

ತೋರುಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದ. "ಗಟ್ಟಿ ಇದೆ" ಅಂದ. ಆಮೇಲೆ ರಬ್ಬರ್ ಕೇಳಿದ. ಅಷ್ಟೇ. ಅವತ್ತು ಮಧ್ಯಾಹ್ನ ನಾನು ಮೊದಲ ಸಲ ಆಟಕ್ಕೆ ಹೋದೆ.

ಹಾಗಾಗಿ ಮಕ್ಕಳ ಪ್ರಶ್ನೆಯನ್ನು ನಿಲ್ಲಿಸಲು ಹೋಗಬೇಡಿ, ಮಗಳ ಕೈಗೆ ಒಂದು ಉತ್ತರ ಕೊಡಿ. ಆರು ವರ್ಷದ ಮಗು ತಬ್ಬಿಬ್ಬಾಗುವುದು ಏನು ಹೇಳಬೇಕು ಅಂತ ಗೊತ್ತಿಲ್ಲದೆ. ಉತ್ತರ ಉದ್ದ ಇರಬಾರದು. "ಹುಟ್ಟುವಾಗ ನನ್ ತುಟಿ ಕೂಡಿರ್ಲಿಲ್ಲ, ಡಾಕ್ಟರ್ ಹೊಲಿದ್ರು. ಈಗ ನೋವಿಲ್ಲ. ಬಾ, ಆಡೋಣ." ಇಷ್ಟು ಸಾಕು. ಬ್ರಿಟನ್ನಿನ ಜೇಮ್ಸ್ ಪಾರ್ಟ್ರಿಡ್ಜ್ ಎಂಬವರು 18ನೇ ವಯಸ್ಸಿನಲ್ಲಿ ಕಾರಿಗೆ ಬೆಂಕಿ ಹೊತ್ತಿಕೊಂಡು ಮುಖವೆಲ್ಲ ಸುಟ್ಟುಕೊಂಡಿದ್ದರು. ಅವರು 1992ರಲ್ಲಿ 'ಚೇಂಜಿಂಗ್ ಫೇಸಸ್' ಅನ್ನೋ ಸಂಸ್ಥೆ ಕಟ್ಟಿದರು. ಅಲ್ಲಿ ಕಲಿಸುವುದೂ ಹೆಚ್ಚುಕಡಿಮೆ ಇದನ್ನೇ: ಏನಾಗಿದೆ ಅಂತ ಹೇಳು, ಹೆದರಬೇಡ ಅನ್ನು, ಮಾತನ್ನು ಬೇರೆ ಕಡೆ ತಿರುಗಿಸು. ನನಗೆ ಇದು ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ!

ವಾಕ್ಯ ಮಾತ್ರ ಅವಳದೇ ಆಗಿರಲಿ. ನೀವು ಬರೆದುಕೊಟ್ಟರೆ ಕಂಠಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತದೆ. ಮನೆಯಲ್ಲಿ ಆಟದ ಹಾಗೆ ಅಭ್ಯಾಸ ಮಾಡಿ. ನೀವು ಕ್ಲಾಸಿನ ತರಲೆ ಹುಡುಗ ಆಗಿ, ಅವಳು ಅವಳಾಗಿರಲಿ. ಆಮೇಲೆ ಅದಲು ಬದಲು ಮಾಡಿ, ಅವಳು ತರಲೆ ಆಗಲಿ. ಎಷ್ಟು ನಗುತ್ತಾಳೆ ನೋಡಿ. ಕೆಲವು ದಿನ ಹೇಳೋಕೆ ಮನಸ್ಸಿರುವುದಿಲ್ಲ, ಅಂಥ ದಿನ "ಆಗ್ಲೇ ಹೇಳಿದ್ದೀನಲ್ಲ" ಅಂದು ಸುಮ್ನೆ ಇದ್ದರೂ ಆಯಿತು. ಕೇಳಿದವರಿಗೆಲ್ಲ ಪ್ರತಿ ಸಲ ವರದಿ ಒಪ್ಪಿಸಬೇಕು ಅಂತ ಇಲ್ಲ.

ಇನ್ನೊಂದು ಅಭ್ಯಾಸ ನಿಮಗೆ. ದಾರಿಯಲ್ಲಿ ಯಾರಾದರೂ ಅವಳನ್ನು ದಿಟ್ಟಿಸಿದರೆ ಅವಳು ಅವರನ್ನು ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾಳೆ. ನನ್ನಮ್ಮ ಅಂಥ ಹೊತ್ತಲ್ಲಿ ತಲೆ ತಗ್ಗಿಸಿ ನನ್ನ ಕೈ ಜಗ್ಗಿಕೊಂಡು ಬೇಗ ಬೇಗ ನಡೆಯುತ್ತಿದ್ದಳು. ಅವಳು ತಪ್ಪು ತನ್ನದೇ ಅಂದುಕೊಂಡಿದ್ದಳು, ಪಾಪ. ನಿಮ್ಮ ಪ್ರಶ್ನೆಯ ಕೊನೆಯಲ್ಲೂ ಆ ಅನುಮಾನ ಇದೆ, ಅದಕ್ಕೇ ಹೇಳುತ್ತೇನೆ. ಸುಮಾರು 700 ಮಕ್ಕಳಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ತುಟಿ ಕೂಡಿಕೊಳ್ಳುವುದು ಬಸಿರಿನ 4ರಿಂದ 7ನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಆ ಕೆಲಸ ಶುರುವಾಗಿ ಹೋಗಿರುತ್ತದೆ. ಅದನ್ನು ಹೊತ್ತುಕೊಂಡು ತಿರುಗಬೇಡಿ. ದಿಟ್ಟಿಸುವವರಿಗೆ ಒಂದು ನಗು ಕೊಟ್ಟು "ನಮಸ್ಕಾರ" ಅನ್ನಿ. ಮುಕ್ಕಾಲು ಜನ ಗಲಿಬಿಲಿಯಾಗಿ ತಾವೇ ನಕ್ಕುಬಿಡುತ್ತಾರೆ.

ಟೀಚರ್ ಹತ್ತಿರ ಖಂಡಿತ ಮಾತಾಡಿ. ಆದರೆ ಬೇರೆ ವಿಷಯಕ್ಕೆ. ಮೊದಲು ಕಿವಿ. ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಅಂಗುಳ ಸೀಳಿದ್ದ ಮಕ್ಕಳಲ್ಲಿ ಕಿವಿಯಿಂದ ಗಂಟಲಿಗೆ ಇರುವ ಸಣ್ಣ ನಾಳ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ತಮಟೆಯ ಹಿಂದೆ ನೀರು ಕಟ್ಟಿಕೊಂಡು ಕಿವಿ ಮಂದವಾಗುತ್ತದೆ. ಅದೂ ಒಂದು ವಾರ ಇರುತ್ತದೆ, ಇನ್ನೊಂದು ವಾರ ಇರುವುದಿಲ್ಲ. ನನ್ನ ಟೀಚರ್ "ಇವನಿಗೆ ಬೇಕಾದಾಗ ಕೇಳಿಸುತ್ತೆ, ಬೇಡದಾಗ ಕೇಳಿಸಲ್ಲ" ಅಂತ ಹೊರಗೆ ನಿಲ್ಲಿಸುತ್ತಿದ್ದರು. ಅವರು ಹೇಳಿದ್ದು ಅರ್ಧ ನಿಜವೇ ಆಗಿತ್ತು ನೋಡಿ. ಮಗಳ ಕಿವಿ ಪರೀಕ್ಷೆ ಮಾಡಿಸಿ, ಮುಂದಿನ ಸಾಲಿನಲ್ಲಿ ಕೂರಿಸಲು ಹೇಳಿ. ನೀರು ಹೋಗದಿದ್ದರೆ ತಮಟೆಯಲ್ಲಿ ಪುಟ್ಟ ಕೊಳವೆ ಇಡುತ್ತಾರೆ, ಗ್ರೊಮೆಟ್ ಅಂತ.

ಆಮೇಲೆ ಗಟ್ಟಿಯಾಗಿ ಓದುವುದು. ಪ, ಬ, ಟ, ಡ, ಕ, ಗ ಹೇಳಬೇಕಾದರೆ ಗಾಳಿಯನ್ನು ಬಾಯಲ್ಲಿ ಹಿಡಿದು ಬಿಡಬೇಕು. ಅಂಗುಳದ ಹಿಂಭಾಗ ಮೂಗಿನ ದಾರಿಯನ್ನು ಪೂರ್ತಿ ಮುಚ್ಚದಿದ್ದರೆ ಗಾಳಿ ಮೂಗಿನಲ್ಲಿ ಸೋರುತ್ತದೆ. ನನ್ನ "ಬಾಗಿಲು" "ಮಾಗಿಲು" ಆಗುತ್ತಿತ್ತು. ಪಾಠ ಓದುವ ಸರದಿ ಹತ್ತಿರ ಬರುತ್ತಿದ್ದ ಹಾಗೆ ನನ್ನ ಪಾಲಿಗೆ ಬರುವ ಸಾಲಿನಲ್ಲಿ ಎಷ್ಟು 'ಬ' ಇದೆ ಅಂತ ಎಣಿಸುತ್ತಾ ಕೂರುತ್ತಿದ್ದೆ. ಕತೆ ಏನು ಅಂತ ಒಂದು ದಿನವೂ ಗೊತ್ತಾಗಲಿಲ್ಲ. ಆಮೇಲೆ ಸ್ಪೀಚ್ ಥೆರಪಿಸ್ಟ್ ಒಬ್ಬರು ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು "ಪ ಪ ಪ" ಹೇಳಿಸುತ್ತಿದ್ದರು. ಕನ್ನಡಿ ಮಂಜಾದರೆ ಸೋತೆ, ಆಗದಿದ್ದರೆ ಗೆದ್ದೆ. ನೀವು ಟೀಚರ್‌ಗೆ ಹೇಳಬೇಕಾದ್ದು ಇಷ್ಟು: ಅವಳ ಸರದಿ ಹಾರಿಸಬೇಡಿ, ಯಾವ ಪ್ಯಾರಾ ಅಂತ ಹಿಂದಿನ ದಿನವೇ ತಿಳಿಸಿ. ಮನೆಯಲ್ಲಿ ಓದಿಕೊಂಡು ಹೋಗುತ್ತಾಳೆ.

ಪ್ರಶ್ನೆ ಬೇರೆ, ಅಡ್ಡಹೆಸರು ಬೇರೆ. ನನ್ನನ್ನು ನಾಲ್ಕನೇ ಕ್ಲಾಸಿನಿಂದ "ಮೊಲ" ಅಂತ ಕರೆಯುತ್ತಿದ್ದರು, ಮೂಗಲ್ಲಿ ಮಾತಾಡಿ ಅಣಕಿಸುತ್ತಿದ್ದರು. ಉತ್ತರ ಗೊತ್ತಿದ್ದೂ ದಿನಾ ಅದೇ ಶುರು ಮಾಡಿದರೆ ಅದು ಕುತೂಹಲ ಅಲ್ಲ. ಅಲ್ಲಿ ಮಗಳ ಜಾಣ ಉತ್ತರದಿಂದ ಏನೂ ಆಗುವುದಿಲ್ಲ, ದೊಡ್ಡವರು ನಡುವೆ ಬರಲೇಬೇಕು. ಯಾವ ದಿನ, ಯಾರು, ಏನಂದರು ಅಂತ ಬರೆದಿಟ್ಟುಕೊಂಡು ಹೋಗಿ. "ನೀನು ಗಮನ ಕೊಡಬೇಡ" ಅಂತ ಮಾತ್ರ ಅವಳಿಗೆ ಹೇಳಬೇಡಿ. ನಾನು ಆ ಮಾತು ಕೇಳಿದ ಮೇಲೆ ಮನೆಯಲ್ಲಿ ಹೇಳುವುದನ್ನೇ ಬಿಟ್ಟೆ.

"ಮುಂದಿನ ಆಪರೇಷನ್ ಆದ್ರೆ ಎಲ್ಲ ಸರಿಹೋಗುತ್ತೆ" ಅನ್ನುವುದೂ ಬೇಡ. ಕಲೆ ತೆಳುವಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಾನು ಪ್ರತಿ ಆಪರೇಷನ್‌ಗೂ ಕಾದೆ. ಅದಾದ ಮೇಲೆ ನಾಟಕಕ್ಕೆ ಸೇರ್ತೀನಿ, ಅದಾದ ಮೇಲೆ ಎಲ್ಲರ ಜೊತೆ ಮಾತಾಡ್ತೀನಿ ಅಂತ. ಹತ್ತೊಂಬತ್ತಕ್ಕೆ ಮೀಸೆ ಬಿಟ್ಟೆ. ಕಲೆಯ ಮೇಲೆ ಕೂದಲೇ ಬರಲಿಲ್ಲ! ಈಗಲೂ ನನ್ನ ಮೀಸೆಯಲ್ಲಿ ಒಂದು ಓಣಿ ಇದೆ.

ಆಪರೇಷನ್ ಬಗ್ಗೆ ನಿಜ ಹೇಳಿದರೆ ಮಕ್ಕಳಿಗೆ ಅದೇ ಒಂದು ಕತೆ. ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಕೋರೆಹಲ್ಲು ಇಳಿಯುವ ಮೊದಲು, ಸೊಂಟದಿಂದ ಸ್ವಲ್ಪ ಮೂಳೆ ತೆಗೆದು ಮೇಲಿನ ವಸಡಿನ ಸೀಳಿಗೆ ತುಂಬುತ್ತಾರೆ. ನಿಮ್ಮ ಮಗಳಿಗೂ ಬೇಕಾಗಬಹುದು, ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ನನಗೆ ಹತ್ತಕ್ಕೆ ಆಯಿತು. ಕುಂಟುತ್ತಾ ಶಾಲೆಗೆ ಹೋದೆ. ರಬ್ಬರ್ ಕೇಳಿದ್ದ ಆ ಹುಡುಗ ಕ್ಲಾಸಿಗೆಲ್ಲ ಸಾರಿಬಿಟ್ಟ: "ಬಾಯಿ ಆಪರೇಷನ್‌ಗೆ ಹೋದವನ ಕಾಲು ಕುಂಟ್ತಾ ಇದೆ ನೋಡ್ರೋ!" ಯಾಕೆ ಅಂತ ವಿವರಿಸುವುದರಲ್ಲೇ ಒಂದು ವಾರ ಕಳೆಯಿತು. ನಾನು ಅಷ್ಟು ಮಾತಾಡಿದ್ದು ಅದೇ ಮೊದಲು, ಎಷ್ಟು 'ಬ' ಬಂತು ಅಂತ ಎಣಿಸಲೂ ಇಲ್ಲ.

ಕೊನೆಗೆ ಒಂದು ಸಣ್ಣದು. ಕ್ಲಾಸ್ ಫೋಟೋ ತೆಗೆಯುವ ದಿನ ಒಂದು ಬರುತ್ತದೆ. ನನ್ನನ್ನು ಪ್ರತಿ ವರ್ಷ ಹಿಂದಿನ ಸಾಲಿನ ತುದಿಗೆ ಕಳಿಸುತ್ತಿದ್ದರು, ನಾನು ಕ್ಲಾಸಿನಲ್ಲೇ ಗಿಡ್ಡ. ನಿಮ್ಮ ಮಗಳು ಎಲ್ಲಿ ನಿಲ್ಲಬೇಕು ಅಂತ ಅವಳನ್ನೇ ಕೇಳಿ, ಟೀಚರ್‌ಗೆ ಮೊದಲೇ ಹೇಳಿಡಿ.