ಸಂಪಾದಕರ ಉತ್ತರ: ಮ್ಯಾಪ್ ಮೇಲೆ ಗೆರೆ ಇದೆ, ದುಡ್ಡು ಯಾವ ಪುಟದಲ್ಲಿದೆ ನೋಡಿ

ಪ್ರಿಯ ಓದುಗರೇ,

ನಿಮ್ಮ ಪತ್ರ ಪೂರ್ತಿ ಹಾಕೋಕೆ ಜಾಗ ಸಾಲಲ್ಲ, ಹಾಗಾಗಿ ಬೇರೆಯವರಿಗೂ ವಿಷ್ಯ ಗೊತ್ತಾಗ್ಲಿ ಅಂತ ಮುಖ್ಯವಾದ್ದನ್ನ ಇಲ್ಲಿ ಹೇಳಿಬಿಡ್ತೀನಿ. ನಿಮ್ಮ ನಗರದವರು ಮುಂದಿನ 20 ವರ್ಷದ ಸಾರಿಗೆ ಪ್ಲಾನ್ ಅಂತ ಒಂದು ದಪ್ಪ ವರದಿ ಬಿಟ್ಟಿದ್ದಾರೆ, ಅದರ ಮ್ಯಾಪ್‌ನಲ್ಲಿ ನಿಮ್ಮ ಬಡಾವಣೆ ಮೇಲೆ ಒಂದು ರೈಲು ಗೆರೆ ಹೋಗಿದೆ, ಹಿಂದಿನ ಪ್ಲಾನ್‌ನಲ್ಲೂ ಅದೇ ಗೆರೆ ಇತ್ತು ಆದ್ರೆ ಒಂದು ಗುದ್ದಲಿನೂ ಬೀಳ್ಲಿಲ್ಲ. ಬಸ್ ಜಾಸ್ತಿ ಬಿಡಿ ಅಂದ್ರೆ ದುಡ್ಡಿಲ್ಲ ಅನ್ನೋರು ರೈಲಿಗೆ ಮಾತ್ರ ಅಷ್ಟೊಂದು ದುಡ್ಡು ಎಲ್ಲಿಂದ ತರ್ತಾರೆ ಅಂತ ಕೇಳಿದೀರಿ. ಇದನ್ನೆಲ್ಲ ಯಾರು ಕೂತು ನಿರ್ಧಾರ ಮಾಡ್ತಾರೆ, ಸಾರ್ವಜನಿಕರ ಸಭೆ ಕರ್ದಿದ್ದಾರಂತೆ ಅದಕ್ಕೆ ಹೋದ್ರೆ ಏನಾದ್ರೂ ಪ್ರಯೋಜನ ಇದೆಯಾ ಅಂತಾನೂ ಕೇಳಿದೀರಿ.

ಆ ಗೆರೆನ ಈಗ್ಲೇ ನಂಬಬೇಡಿ. ಹಾಗಂತ ಸುಳ್ಳು ಅಂತ ಬಿಸಾಕೋದೂ ಬೇಡ. ಗೆರೆ ಪಕ್ಕದಲ್ಲಿ ಯಾವ ವರ್ಷ, ಎಷ್ಟು ದುಡ್ಡು, ಯಾವ ಮೂಲದಿಂದ ಅಂತ ಬರೆದಿದ್ರೆ ಮಾತ್ರ ಅದನ್ನ ಯೋಜನೆ ಅನ್ನಬಹುದು, ಅಲ್ಲೀವರೆಗೂ ಅದು ಬರೀ ಆಸೆ. ನ್ಯೂಯಾರ್ಕ್‌ನಂಥ ನ್ಯೂಯಾರ್ಕ್‌ನಲ್ಲೇ ಸೆಕೆಂಡ್ ಅವೆನ್ಯೂ ಅನ್ನೋ ರಸ್ತೆ ಕೆಳಗೆ ಸಬ್‌ವೇ, ಅಂದ್ರೆ ನೆಲದಡಿ ರೈಲು, ಮಾಡ್ತೀವಿ ಅಂತ 1929ರಲ್ಲೇ ಪ್ಲಾನ್ ಮುಂದಿಟ್ಟಿದ್ರು, ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಆಮೇಲೆ ಮಹಾಯುದ್ಧ ಬಂತು, ಅಂತೂ 1972ರಲ್ಲಿ ಅಗೆಯೋಕೆ ಶುರು ಮಾಡಿದ್ರು, 1975ರಲ್ಲಿ ನಗರದ ಖಜಾನೆನೇ ಖಾಲಿಯಾಗಿ ಕೆಲಸ ನಿಂತೋಯ್ತು, ಮತ್ತೆ 2007ರಲ್ಲಿ ಶುರುವಾಗಿ ಮೊದಲ ಹಂತ ಓಪನ್ ಆಗಿದ್ದು 2017ರ ಜನವರಿ 1ಕ್ಕೆ. ಸುಮಾರು ಮೂರು ಕಿಲೋಮೀಟರ್, ಮೂರು ಹೊಸ ಸ್ಟೇಷನ್, ಹತ್ತಿರ ಹತ್ತಿರ 450 ಕೋಟಿ ಡಾಲರ್. ಮ್ಯಾಪ್ ಮೇಲೆ ಗೆರೆ ಎಳೆದವರ ಮೊಮ್ಮಕ್ಕಳ ಕಾಲಕ್ಕೆ ರೈಲು ಬಂತು ಅಂದ್ಕೊಳ್ಳಿ.

ಹೀಗೆ ಬರೀ ಆಸೆಗಳ ಪಟ್ಟಿ ಮಾಡೋದನ್ನ ತಡೆಯೋಕೆ ಅಮೆರಿಕದಲ್ಲಿ ಒಂದು ನಿಯಮ ಇದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ವರದಿ ಓದೋವಾಗ್ಲೂ ಅದೇ ಉಪಯೋಗಕ್ಕೆ ಬರುತ್ತೆ. 1962ರ ಹೆದ್ದಾರಿ ಕಾಯ್ದೆಯಲ್ಲಿ, 50,000ಕ್ಕಿಂತ ಜಾಸ್ತಿ ಜನ ಇರೋ ನಗರ ಪ್ರದೇಶಕ್ಕೆ ಕೇಂದ್ರದ ದುಡ್ಡು ಬೇಕಂದ್ರೆ ರಾಜ್ಯ ಮತ್ತೆ ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ ನಿರಂತರವಾಗಿ ಪ್ಲಾನ್ ಮಾಡ್ತಿರಬೇಕು ಅಂತ ಷರತ್ತು ಹಾಕಿದ್ರು. 1991ರಲ್ಲಿ ಇನ್ನೊಂದು ಕಾಯ್ದೆ ಬಂದು ಅದನ್ನ ದುಡ್ಡಿಗೆ ಕಟ್ಟಿಹಾಕ್ತು. ಈಗಿನ ನಿಯಮದ ಪ್ರಕಾರ ಎರಡು ದಾಖಲೆ ಇರ್ಬೇಕು, ಒಂದು ಕನಿಷ್ಠ 20 ವರ್ಷ ಮುಂದಕ್ಕೆ ನೋಡೋ ಪ್ಲಾನ್, ಇನ್ನೊಂದು ಮುಂದಿನ 4 ವರ್ಷದಲ್ಲಿ ಕೈಗೆತ್ತಿಕೊಳ್ಳೋ ಕೆಲಸಗಳ ಪಟ್ಟಿ. ಎರಡರಲ್ಲೂ, ಬರುತ್ತೆ ಅಂತ ನಂಬೋಕೆ ಗಟ್ಟಿ ಕಾರಣ ಇರೋ ದುಡ್ಡಿನ ಒಳಗೆ ಹಿಡಿಸೋ ಕೆಲಸ ಮಾತ್ರ ಸೇರಿಸ್ಬೇಕು, ದುಡ್ಡು ಸಾಲದೆ ಉಳಿದಿದ್ದನ್ನ ಬೇಕಾದ್ರೆ ಬೇರೆ ಪಟ್ಟಿ ಮಾಡಿ ತೋರಿಸಿ ಅಂತಾರೆ. ಜೊತೆಗೆ ವೆಚ್ಚನ ಇವತ್ತಿನ ರೇಟಲ್ಲಿ ಬರೆಯೋ ಹಾಗಿಲ್ಲ, ಖರ್ಚಾಗೋ ವರ್ಷದ ರೇಟಲ್ಲೇ ಬರೀಬೇಕು. ಇದು ಸಣ್ಣ ವಿಷ್ಯ ಅನ್ಸುತ್ತೆ, ಆದ್ರೆ ಇವತ್ತು 100 ಕೋಟಿ ಆಗೋ ಕೆಲಸ, ವರ್ಷಕ್ಕೆ ಶೇಕಡಾ 5ರಂತೆ ಬೆಲೆ ಏರಿದ್ರೆ 10 ವರ್ಷ ಆದ್ಮೇಲೆ 163 ಕೋಟಿ ಹತ್ರ ಬರುತ್ತೆ, ಆ 63 ಕೋಟಿನ ಲೆಕ್ಕದಿಂದ ಬಿಟ್ಟಿದ್ದಕ್ಕೇ ಎಷ್ಟೋ ಪ್ಲಾನ್‌ಗಳು ಕಾಗದದ ಮೇಲೆ ಚೆನ್ನಾಗಿ ಕಾಣ್ತವೆ.

ಯಾರು ನಿರ್ಧಾರ ಮಾಡ್ತಾರೆ ಅಂದ್ರಲ್ಲ, ಕೊನೆಗೆ ಕೈ ಎತ್ತೋರು ಚುನಾಯಿತ ಪ್ರತಿನಿಧಿಗಳೇ, ಆದ್ರೆ ಅವರ ಮುಂದೆ ಬರೋ ಅಂಕಿಗಳು ಅದಕ್ಕಿಂತ ಎಷ್ಟೋ ಮೊದಲೇ ಎಂಜಿನಿಯರ್‌ಗಳ ಕಂಪ್ಯೂಟರಲ್ಲಿ ತಯಾರಾಗಿರ್ತವೆ. ಇಡೀ ನಗರನ ನೂರಾರು ಸಣ್ಣ ವಲಯ ಮಾಡಿ, ಒಂದಷ್ಟು ಮನೆಗಳನ್ನ ಆರಿಸ್ಕೊಂಡು ನಿನ್ನೆ ಮನೇಲಿ ಯಾರ್ಯಾರು ಎಲ್ಲೆಲ್ಲಿಗೆ ಹೋದ್ರಿ ಹೇಗೆ ಹೋದ್ರಿ ಅಂತ ಸರ್ವೆ ಮಾಡಿ, ಅದನ್ನಿಟ್ಕೊಂಡು ನಾಲ್ಕು ಹೆಜ್ಜೆ ಲೆಕ್ಕ ಹಾಕ್ತಾರೆ: ಒಂದೊಂದು ವಲಯದಿಂದ ಎಷ್ಟು ಓಡಾಟ ಹುಟ್ಟುತ್ತೆ, ಅದು ಯಾವ ವಲಯಕ್ಕೆ ಹೋಗುತ್ತೆ, ಕಾರಲ್ಲೋ ಬಸ್ಸಲ್ಲೋ ರೈಲಲ್ಲೋ, ಕೊನೆಗೆ ಯಾವ ರಸ್ತೆ ಯಾವ ಲೈನ್ ಮೇಲೆ ಬೀಳುತ್ತೆ. 1950ರ ದಶಕದಲ್ಲಿ ಡೆಟ್ರಾಯಿಟ್, ಶಿಕಾಗೋ ನಗರಗಳ ಅಧ್ಯಯನಗಳಲ್ಲಿ ಬೆಳೆದ ಪದ್ಧತಿ ಇದು, ಮುಖ್ಯವಾಗಿ ಹೆದ್ದಾರಿ ಎಲ್ಲಿ ಬೇಕು ಎಷ್ಟು ಅಗಲ ಬೇಕು ಅಂತ ತಿಳ್ಕೊಳ್ಳೋಕೆ. ಅದಕ್ಕೇ ಮಗುನ ಸ್ಕೂಲಿಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ ಹೋಗಿ, ಬರ್ತಾ ಔಷಧಿ ತಗೊಂಡು, ಅತ್ತೇನ ನೋಡ್ಕೊಂಡು ಮನೆಗೆ ಬರೋ ಹೆಂಗಸಿನ ಒಂದು ದಿನ ಅನ್ನೋದು ಈ ಲೆಕ್ಕದಲ್ಲಿ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ತುಂಡಾಗಿಬಿಡುತ್ತೆ, ನಡ್ಕೊಂಡು ಹೋಗೋರು ಎಷ್ಟೋ ಕಡೆ ಲೆಕ್ಕಕ್ಕೇ ಬಂದಿರ್ಲಿಲ್ಲ. ಒಬ್ಬರ ಇಡೀ ದಿನದ ಓಡಾಟನ ಒಟ್ಟಿಗೆ ನೋಡೋ ಮಾಡೆಲ್‌ಗಳು ಈಗ ಬಂದಿವೆ, ನಿಮ್ಮೂರಲ್ಲಿ ಯಾವುದು ಬಳಸಿದ್ದಾರೆ ಅಂತ ಕೇಳಿ.

ಆ ಅಂಕಿಗಳನ್ನ ಎಷ್ಟು ನಂಬಬಹುದು ಅನ್ನೋದಕ್ಕೆ ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂವ್‌ಬ್ಯಾರ್ಗ್ ಮತ್ತೆ ಜೊತೆಯವರು 2002ರಲ್ಲಿ 258 ಯೋಜನೆಗಳನ್ನ ತೆಗೆದು ನೋಡಿದ್ರು. ಹತ್ತರಲ್ಲಿ ಒಂಬತ್ತು ಅಂದಾಜಿಗಿಂತ ಜಾಸ್ತಿ ನುಂಗಿದ್ವು, ರೈಲು ಯೋಜನೆಗಳು ಸರಾಸರಿ ಶೇಕಡಾ 45ರಷ್ಟು, ರಸ್ತೆಗಳು ಶೇಕಡಾ 20ರಷ್ಟು. ಮೂರು ವರ್ಷ ಆದ್ಮೇಲೆ ಪ್ರಯಾಣಿಕರ ಅಂದಾಜನ್ನೂ ನೋಡಿದ್ರೆ, ರೈಲಿನಲ್ಲಿ ಬಂದ ಜನ ಹೇಳಿದ್ದಕ್ಕಿಂತ ಸರಾಸರಿ ಅರ್ಧದಷ್ಟು ಕಮ್ಮಿ. ಖರ್ಚು ಕಮ್ಮಿ ತೋರಿಸಿ ಜನ ಜಾಸ್ತಿ ತೋರಿಸಿದ ಯೋಜನೆಗೇ ಮೊದಲು ಮಂಜೂರಾತಿ ಸಿಗುತ್ತೆ, ಪ್ರಾಮಾಣಿಕವಾಗಿ ಲೆಕ್ಕ ಹಾಕಿದವರು ಹಿಂದೆ ಬೀಳ್ತಾರೆ, ನನಗೆ ಇದೇ ತುಂಬಾ ಬೇಜಾರಾಗೋ ವಿಷ್ಯ. ಲಂಡನ್‌ನ ಎಲಿಜಬೆತ್ ಲೈನ್ ಅನ್ನೋ ರೈಲು ಎಷ್ಟು ಎಚ್ಚರಿಕೆಯಿಂದ ಮಾಡಿದ ಯೋಜನೆ, ಅದೂ 2010ರಲ್ಲಿ 1,480 ಕೋಟಿ ಪೌಂಡ್ ಅಂದಿದ್ದು 1,880 ಕೋಟಿ ದಾಟ್ತು, 2018ರ ಡಿಸೆಂಬರಿಗೆ ಅಂದಿದ್ದು 2022ರ ಮೇ ತಿಂಗಳಿಗೆ ಓಪನ್ ಆಯ್ತು.

ಈಗ ದುಡ್ಡು. ಟಿಕೆಟ್ ದುಡ್ಡಲ್ಲಿ ಹೊಸ ಲೈನ್ ಕಟ್ಟೋದು ಹೆಚ್ಚುಕಮ್ಮಿ ಎಲ್ಲೂ ಆಗಲ್ಲ, ಆದ್ದರಿಂದ ಲಾಭ ಯಾರಿಗೆ ಸಿಗುತ್ತೋ ಅವರ ಹತ್ರ ಒಂದು ಪಾಲು ತಗೊಳ್ಳೋದು ನನಗೆ ಸರಿ ಅನ್ಸೋ ದಾರಿ. ಅದೇ ಎಲಿಜಬೆತ್ ಲೈನಿಗೆ 2010ರಿಂದ ಲಂಡನ್‌ನ ದೊಡ್ಡ ವಾಣಿಜ್ಯ ಕಟ್ಟಡಗಳ ಮೇಲೆ ಹೆಚ್ಚುವರಿ ತೆರಿಗೆ ಹಾಕಿದ್ರು, ಸಣ್ಣ ಅಂಗಡಿಗಳನ್ನ ಬಿಟ್ಟುಬಿಟ್ರು. ಫ್ರಾನ್ಸ್‌ನಲ್ಲಿ 1971ರಲ್ಲಿ ಪ್ಯಾರಿಸ್ ಭಾಗದಿಂದ ಶುರುಮಾಡಿ, ಕೆಲಸಕ್ಕೆ ಜನ ಇಟ್ಕೊಂಡಿರೋ ಕಂಪನಿಗಳು ಸಂಬಳದ ಮೊತ್ತದ ಮೇಲೆ ಸಾರಿಗೆಗೆ ಅಂತ ಒಂದು ಪಾಲು ಕಟ್ಟಬೇಕು ಅಂತ ಮಾಡಿದ್ರು, ಈಗ 11 ಜನಕ್ಕಿಂತ ಕಮ್ಮಿ ಇರೋ ಕಡೆ ಇಲ್ಲ. ಹಾಂಗ್‌ಕಾಂಗ್‌ನಲ್ಲಿ ಸ್ಟೇಷನ್ ಮೇಲೆ ಅಕ್ಕಪಕ್ಕ ಕಟ್ಟಡ ಕಟ್ಟೋ ಹಕ್ಕನ್ನ ರೈಲು ಕಂಪನಿಗೇ ಕೊಟ್ಟು, ಭೂಮಿ ಬೆಲೆ ಏರಿದ ಲಾಭದಿಂದ್ಲೇ ಲೈನ್ ಕಟ್ತಾರೆ, ಆದ್ರೆ ಅಲ್ಲಿ ಭೂಮಿ ಸರ್ಕಾರದ್ದು, ಹಾಗಾಗಿ ಎಲ್ಲಾ ಊರಿಗೂ ಅದು ಒಗ್ಗಲ್ಲ.

ಲಾಸ್ ಏಂಜಲಿಸ್‌ನಲ್ಲಿ ನೇರವಾಗಿ ಜನರನ್ನೇ ಕೇಳ್ತಾರೆ. 2008ರಲ್ಲಿ ಸಾರಿಗೆಗೆ ಅಂತ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆ 30 ವರ್ಷಕ್ಕೆ ಅಂತ ಮತಕ್ಕೆ ಹಾಕಿದ್ರು, ಮೂರನೇ ಎರಡು ಭಾಗ ಬೇಕಿತ್ತು, ಪಾಸಾಯ್ತು. 2012ರಲ್ಲಿ ಅದನ್ನ ಮುಂದುವರಿಸೋಣ ಅಂತ ಕೇಳಿದ್ರೆ ಶೇಕಡಾ 66ರಷ್ಟು ಜನ ಹೂಂ ಅಂದ್ರೂ ಮೂರನೇ ಎರಡು ಭಾಗಕ್ಕೆ ಕೂದಲೆಳೆಯಷ್ಟು ಕಮ್ಮಿಯಾಗಿ ಬಿದ್ದೋಯ್ತು, 2016ರಲ್ಲಿ ಮತ್ತೆ ಕೇಳಿ ಗೆದ್ರು. ಯಾವ ದುಡ್ಡು ಯಾವ ಲೈನಿಗೆ ಅಂತ ಮೊದಲೇ ಪಟ್ಟಿ ಕೊಟ್ಟು ಕೇಳಿದ್ರೆ ಜನ ತೆರಿಗೆಗೂ ಒಪ್ತಾರೆ ಅನ್ನೋದು ಇಲ್ಲಿ ನನಗೆ ಕಾಣೋದು. ಸ್ಟಾಕ್‌ಹೋಮ್‌ನಲ್ಲೂ ಅಷ್ಟೇ, ನಗರದೊಳಗೆ ಬರೋ ಕಾರುಗಳಿಗೆ ಶುಲ್ಕ ಅಂದಾಗ ಜನ ಸಿಟ್ಟಾಗಿದ್ರು, 2006ರಲ್ಲಿ ಏಳು ತಿಂಗಳು ಪ್ರಯೋಗ ಮಾಡಿ ತೋರಿಸಿದ್ರು, ಗಾಡಿ ಸುಮಾರು ಶೇಕಡಾ 20ರಷ್ಟು ಕಮ್ಮಿಯಾಯ್ತು, ಆಮೇಲಿನ ಮತದಾನದಲ್ಲಿ ನಗರದ ಜನ ಒಪ್ಪಿದ್ರು, 2007ರಿಂದ ಕಾಯಂ ಆಯ್ತು.

ಇನ್ನು ನಿಮ್ಮ ಬಸ್ಸಿನ ಪ್ರಶ್ನೆ, ಪತ್ರದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಬಸ್ಸಿಗೆ ದುಡ್ಡಿಲ್ಲ ರೈಲಿಗೆ ಇದೆ ಅಂತ ಅವರು ಹೇಳ್ತಿರೋದು ಲೆಕ್ಕದ ಪ್ರಕಾರ ನಿಜಾನೇ ಇರಬಹುದು, ಯಾಕಂದ್ರೆ ಎರಡೂ ಬೇರೆ ಬೇರೆ ಖಾತೆ. ಕಟ್ಟೋ ದುಡ್ಡು ಬಂಡವಾಳ, ಅದಕ್ಕೆ ಸಾಲ ಸಿಗುತ್ತೆ, ಬಾಂಡ್ ಬಿಡಬಹುದು, ಮೇಲಿನ ಸರ್ಕಾರದ ಅನುದಾನ ಬರುತ್ತೆ, ಉದ್ಘಾಟನೆ ಕಲ್ಲೂ ಬರುತ್ತೆ. ಡ್ರೈವರ್ ಸಂಬಳ, ಡೀಸೆಲ್, ಕರೆಂಟು, ರಿಪೇರಿ ಇದೆಲ್ಲ ಪ್ರತಿ ತಿಂಗಳೂ ಹುಟ್ಟಬೇಕಾದ ದುಡ್ಡು, ಅದಕ್ಕೆ ಯಾರೂ ಸುಲಭವಾಗಿ ಸಾಲ ಕೊಡಲ್ಲ, ಕೊಡಲೂಬಾರ್ದು. ಅಮೆರಿಕದಲ್ಲಿ 1998ರ ಕಾಯ್ದೆ ಆದ್ಮೇಲೆ 2 ಲಕ್ಷಕ್ಕಿಂತ ಜಾಸ್ತಿ ಜನ ಇರೋ ನಗರ ಪ್ರದೇಶಗಳು ಕೇಂದ್ರದ ಮಾಮೂಲಿ ಅನುದಾನನ ಬಸ್ ಓಡಿಸೋ ಖರ್ಚಿಗೆ ಹಾಕೋದು ಹೆಚ್ಚುಕಮ್ಮಿ ನಿಂತೇಹೋಯ್ತು, ಹೊಸ ಬಸ್ ಕೊಂಡ್ಕೊಳ್ಳೋಕೆ ಆಗುತ್ತೆ, ಅದನ್ನ ರಾತ್ರಿ ಹತ್ತರವರೆಗೂ ಓಡಿಸೋಕೆ ಸ್ಥಳೀಯವಾಗೇ ಹುಡುಕ್ಬೇಕು. ಹೀಗಿದ್ದಾಗ ಅಧಿಕಾರಿಗಳು ಎಲ್ಲಿ ದುಡ್ಡು ಸಿಗುತ್ತೋ ಆ ಕಡೆಗೇ ಪ್ಲಾನ್ ತಿರುಗಿಸ್ತಾರೆ, ಅವರನ್ನ ಬೈದು ಏನೂ ಆಗಲ್ಲ, ಅನುದಾನದ ನಿಯಮ ಬದಲಾಗ್ಬೇಕು. ಮತ್ತೆ ಕಟ್ಟಿದ ರೈಲನ್ನೂ ನಡೆಸ್ಬೇಕಲ್ಲ, ಅದರ ವರ್ಷದ ಖರ್ಚು ಇದೇ ಬಸ್ಸಿನ ಖಾತೆಯಿಂದ ಹೋದ್ರೆ ಹೊಸ ಲೈನ್ ಬಂದ ಸಂಭ್ರಮದಲ್ಲೇ ಹಳೇ ರೂಟುಗಳು ಒಂದೊಂದಾಗಿ ಕಮ್ಮಿಯಾಗ್ತವೆ, ನಷ್ಟ ಆಗೋದು ರೈಲು ಹೋಗದ ಬಡಾವಣೆಯವರಿಗೆ. ಕಮ್ಮಿ ದುಡ್ಡಲ್ಲಿ ಏನೂ ಮಾಡೋಕಾಗಲ್ಲ ಅನ್ನೋದೂ ಸರಿಯಲ್ಲ, ಬ್ರೆಜಿಲ್‌ನ ಕುರಿಚಿಬಾ 1974ರಿಂದ್ಲೇ ಬಸ್ಸಿಗೆ ಪ್ರತ್ಯೇಕ ದಾರಿ ಮಾಡಿ ತೋರಿಸಿದೆ, 2000ದಲ್ಲಿ ಕೊಲಂಬಿಯಾದ ಬೊಗೊಟಾನೂ ಆ ದಾರಿ ಹಿಡೀತು.

ಸಭೆಗೆ ಖಂಡಿತ ಹೋಗಿ. ಗೆರೆ ಈ ಬೀದಿಲಾ ಆ ಬೀದಿಲಾ ಅನ್ನೋ ಹಂತದಲ್ಲಿ ಹಾಲ್ ತುಂಬುತ್ತೆ, ಆದ್ರೆ ಅಷ್ಟೊತ್ತಿಗೆ ಮುಖ್ಯವಾದದ್ದೆಲ್ಲ ಮುಗಿದಿರುತ್ತೆ. ಯಾವ ಯೋಜನೆಗೆ ಎಷ್ಟು ಅಂಕ, ಪ್ರಯಾಣದ ಸಮಯ ಉಳಿಸೋದಕ್ಕೆಷ್ಟು, ಕಾರಿಲ್ಲದ ಮನೆಗಳಿಗೆ ಅನುಕೂಲ ಆಗೋದಕ್ಕೆಷ್ಟು, ಅಪಘಾತ ಕಮ್ಮಿಯಾಗೋದಕ್ಕೆಷ್ಟು ಅಂತ ನಿಗದಿ ಮಾಡೋ ಸಭೆಗೆ ಯಾರೂ ಬರಲ್ಲ, ನಿಜವಾಗ್ಲೂ ಯಾದಿ ಬದಲಾಗೋದು ಅಲ್ಲಿ. ನಿಮ್ಮದು ಯಾವ ಹಂತದ ಸಭೆ ಅಂತ ಪತ್ರದಲ್ಲಿ ಇಲ್ಲ, ಏನೇ ಇರ್ಲಿ, ವರದಿಯ ಹಿಂಭಾಗದಲ್ಲಿರೋ ದುಡ್ಡಿನ ಟೇಬಲ್ ಪ್ರಿಂಟ್ ತಗೊಂಡು ಹೋಗಿ. ನಿಮ್ಮ ಗೆರೆ ದುಡ್ಡಿರೋ ಪಟ್ಟಿಯಲ್ಲಿದೆಯಾ ಇಲ್ಲದ ಪಟ್ಟಿಯಲ್ಲಿದೆಯಾ, ವೆಚ್ಚ ಯಾವ ವರ್ಷದ ರೇಟಲ್ಲಿದೆ, ಓಪನ್ ಆದ ಮೊದಲ ಹತ್ತು ವರ್ಷ ಅದನ್ನ ನಡೆಸೋ ಖರ್ಚು ಯಾವ ಖಾತೆಯಿಂದ, ಆಗ ಬಸ್ಸಿನ ಬಜೆಟ್ ಎಷ್ಟಿರುತ್ತೆ ಅಂತ ಕೇಳಿ, ಬಾಯಲ್ಲಿ ಕೇಳಿದ್ದನ್ನೇ ಬರೆದೂ ಕೊಡಿ, ಲಿಖಿತ ಉತ್ತರ ಕೊಡಿ ಅನ್ನಿ. ಉತ್ತರ ಬಂದ್ರೆ ಆ ಟೇಬಲ್ ಸಮೇತ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಸಾಲು ಸಾಲಾಗಿ ಓದೋಣ.

– ಸಂಪಾದಕ