ಯೂರೋವಿಷನ್ 2025: ಸ್ವಿಟ್ಜರ್ಲೆಂಡ್‌ಗೆ ಹಾಕಿದ ಮತ ಎಲ್ಲಿ ಹೋಯ್ತು?

ಯುರೋಪಿನ ದೇಶಗಳೇ ಹೆಚ್ಚಾಗಿರುವ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಬೆಂಗಳೂರಿನಿಂದ 20 ಮತ ಹಾಕಿದರೂ ಸ್ವಿಟ್ಜರ್ಲೆಂಡ್‌ಗೆ ವೀಕ್ಷಕರ ಅಂಕ ಸೊನ್ನೆ ಬಂದಿದ್ದು ಹೇಗೆ ಅಂತ ಕೇಳಿದ್ದೀರಿ. ಹೆಚ್ಚಾಗಿ ನಿಮ್ಮ ಮತ ಎಣಿಕೆಗೆ ಸೇರಿದೆ, ಆದರೆ ಅಂಕವಾಗಿ ಮಾರ್ಪಟ್ಟಿಲ್ಲ. ಸ್ಪರ್ಧೆಯಲ್ಲಿಲ್ಲದ ದೇಶಗಳ ಮತಗಳನ್ನೆಲ್ಲ 2023ರಿಂದ 'ಉಳಿದ ಪ್ರಪಂಚ' ಅಂತ ಒಂದೇ ದೇಶದಂತೆ ಎಣಿಸುತ್ತಾರೆ. ಅಲ್ಲಿ ಮೊದಲ ಹತ್ತು ಹಾಡುಗಳಿಗೆ ಮಾತ್ರ 12, 10, ಆಮೇಲೆ 8ರಿಂದ 1 ಅಂಕ. ಹನ್ನೊಂದನೆಯದಕ್ಕೆ ಏನೂ ಇಲ್ಲ, ಎಷ್ಟೇ ಮತ ಬಿದ್ದಿರಲಿ.

ಸ್ವಿಟ್ಜರ್ಲೆಂಡ್ ಪರವಾಗಿ ಹಾಡಿದ ಜೋಯಿ ಮೆ ಹಾಡಿಗೆ ಆಗಿದ್ದೂ ಅದೇ. ತೀರ್ಪುಗಾರರಿಂದ 214 ಅಂಕ ಬಂದು ಒಟ್ಟಾರೆ ಹತ್ತನೇ ಸ್ಥಾನ ಸಿಕ್ಕಿತು, ಆದರೆ ವೀಕ್ಷಕರ ಮತದಲ್ಲಿ ಯಾವ ದೇಶದಲ್ಲೂ ಮೊದಲ ಹತ್ತರೊಳಗೆ ಬರಲಿಲ್ಲ. ಅಷ್ಟು ಒಳ್ಳೆಯ ಹಾಡಿಗೆ ಇದು ನಿಜಕ್ಕೂ ಅನ್ಯಾಯ.

ಆದರೂ ಮೊದಲು ಕಾರ್ಡ್ ಸ್ಟೇಟ್‌ಮೆಂಟ್ ನೋಡಿ. ದುಡ್ಡು ಕಡಿತವಾಗಿಲ್ಲ ಅಂದ್ರೆ ಮತ ಬಿದ್ದೇ ಇಲ್ಲ. ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ಆನ್‌ಲೈನ್ ಪಾವತಿ ಸಾಮಾನ್ಯವಾಗಿ ಆಫ್ ಆಗಿರುತ್ತೆ; ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿಯನ್ನೂ ಏರಿಸಿ. ಕಡಿತವಾಗಿದ್ದರೆ ಅಧಿಕೃತ ಜಾಲತಾಣದ ಫಲಿತಾಂಶ ಪುಟದಲ್ಲಿ 'ಉಳಿದ ಪ್ರಪಂಚ' ಯಾರಿಗೆ ಎಷ್ಟು ಕೊಟ್ಟಿದೆ ನೋಡಿ. 2025ರ 12 ಅಂಕ ಇಸ್ರೇಲ್‌ಗೆ ಹೋಗಿದೆ.

ಮುಂದಿನ ಸಲ ಒಬ್ಬರೇ ಮಿತಿಯವರೆಗೂ ಮತ ಹಾಕೋದಕ್ಕಿಂತ ಸ್ನೇಹಿತರಿಂದ ಹಾಕಿಸಿ. 2026ರಿಂದ ಒಬ್ಬರು ಹಾಕಬಹುದಾದ ಗರಿಷ್ಠ ಮತ 20ರಿಂದ 10ಕ್ಕೆ ಇಳಿದಿದೆ. ಜರ್ಮನಿ, ಸ್ವೀಡನ್ ಕಡೆ ಇರೋ ನಂಟರು ಅಲ್ಲಿಯ ಕಾರ್ಡಿನಿಂದಲೇ ಹಾಕಲಿ, ಆಗ ಅದು ಆ ದೇಶದ ಲೆಕ್ಕಕ್ಕೆ ಸೇರುತ್ತೆ.